ಹದಿನೆಂಟುನೂರು ರೂಪಾಯಿಯ ಸುಖ

ಮಿಕ್ಸಿ ಕೊಳ್ಳಲು ಹೋದಾಗ ನಾವು ಕೇಳದ ಪ್ರಶ್ನೆಯಿಲ್ಲ. ಎಷ್ಟು ವಾಟ್, ಜಾರು ಯಾವ ಸ್ಟೀಲಿನದು, ಉದ್ದಿನಬೇಳೆ ನುಣ್ಣಗಾಗುತ್ತದೋ ಇಲ್ಲವೋ, ಮೋಟಾರಿಗೆ ಎಷ್ಟು ವರ್ಷದ ಗ್ಯಾರಂಟಿ, ಕೆಟ್ಟರೆ ಎಲ್ಲಿಗೆ ಒಯ್ಯಬೇಕು ಎಂದು ಅಂಗಡಿಯವನ ಬಾಯಿ ಒಣಗುವವರೆಗೆ ಕೇಳುತ್ತೇವೆ. ಮೈಯೊಳಗೇ ಹೋಗುವ ಒಂದು ಯಂತ್ರವನ್ನು ಕೊಳ್ಳುವಾಗ ಮಾತ್ರ ನಮ್ಮ ಹೆಂಗಸರು ಏನನ್ನೂ ಕೇಳುವುದಿಲ್ಲ. ಫೋನಿನಲ್ಲಿ ಕಂಡ ಚಿತ್ರ ಒತ್ತಿ, ದುಡ್ಡು ಕಟ್ಟಿ, ಪಾರ್ಸೆಲ್ ಬಂದ ಮೇಲೆ ಮೊದಲು ಬಚ್ಚಿಟ್ಟು, ಮನೆಯಲ್ಲಿ ಯಾರೂ ಇಲ್ಲದಾಗ ಬಿಚ್ಚಿ ನೋಡುತ್ತಾರೆ. ಅದು ಸರಿಯಿಲ್ಲದಿದ್ದರೆ ಹೇಳಿಕೊಳ್ಳಲು ಯಾರೂ ಇಲ್ಲ. ಸರಿಯಿದ್ದರಂತೂ ಇನ್ನೂ ಇಲ್ಲ.

ನಾನು ಹೇಳಹೊರಟಿರುವುದು ವೈಬ್ರೇಟರ್ ವಿಷಯ. ಅದರಲ್ಲೂ ಯೋನಿಯ ಒಳಗೆ ಬಳಸುವಂಥ, ಎರಡು ಸಾವಿರ ರೂಪಾಯಿಯೊಳಗೆ ಸಿಗುವಂಥದ್ದು. ನಿವೃತ್ತಿಯವರೆಗೂ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಿದವಳು ನಾನು. ಮಾನವ ಸಂತಾನೋತ್ಪತ್ತಿಯ ಅಧ್ಯಾಯ ಬಂದಾಗ ಗರ್ಭಕೋಶ, ಅಂಡನಾಳ, ಅಂಡಾಶಯಗಳ ಚಿತ್ರವನ್ನು ಬೋರ್ಡಿನ ತುಂಬ ಬಿಡಿಸುತ್ತಿದ್ದೆ. ಕ್ಲಿಟೋರಿಸ್‌ಗೆ ಪಠ್ಯದಲ್ಲಿ ಇದ್ದದ್ದು ಒಂದು ಸಾಲು, ಬೆರಳಿನಾಕಾರದ ಪುಟ್ಟ ರಚನೆ ಎಂದು. ಅದು ಯಾತಕ್ಕಿದೆ ಎಂಬುದಕ್ಕೆ ಅರ್ಧ ಸಾಲೂ ಇರಲಿಲ್ಲ. ದೇಹದಲ್ಲಿ ಸುಖಕ್ಕೆಂದೇ ಇರುವ ಅಂಗ ಅದೊಂದೇ. ಹೆರುವುದನ್ನು ಕಲಿಸುವ ಪಾಠದಲ್ಲಿ ಅದಕ್ಕೆ ಜಾಗ ಸಿಕ್ಕಿರಲಿಲ್ಲ.

ನಮ್ಮ ತಲೆಮಾರಿನವರಿಗೆ ಈ ಮೈಯ ಬಗ್ಗೆ ಕನ್ನಡದಲ್ಲಿ ನೇರವಾಗಿ ಮಾತಾಡಿದವರು ಡಾ. ಅನುಪಮಾ ನಿರಂಜನ. 'ವಧುವಿಗೆ ಕಿವಿಮಾತು', 'ದಾಂಪತ್ಯ ದೀಪಿಕೆ' ಪುಸ್ತಕಗಳನ್ನು ಅಕ್ಕಂದಿರು ತಂಗಿಯರಿಗೆ ಕೊಟ್ಟದ್ದನ್ನು ನಾನು ಕಂಡಿದ್ದೇನೆ. ಅವರು 1991ರಲ್ಲಿ ತೀರಿಕೊಂಡರು. ಅವರು ಕೊಟ್ಟ ಧೈರ್ಯ ನಮ್ಮಲ್ಲಿ ಮುಂದುವರಿಯಬೇಕೆಂದು ನನಗೆ ಆಸೆ. ವಧುವಿಗೆ ಒಂದು ಮಾತು ಬೇಕಾದಂತೆ ಮುಟ್ಟು ನಿಂತವಳಿಗೂ ಒಂದು ಮಾತು ಬೇಕು.

ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಇಳಿಯುತ್ತದೆ. ಯೋನಿಯ ಒಳಪದರ ತೆಳುವಾಗುತ್ತದೆ, ಹಿಗ್ಗುವ ಗುಣ ಕಡಿಮೆಯಾಗುತ್ತದೆ, ತೇವ ಆರುತ್ತದೆ. ಉರಿ, ತುರಿಕೆ, ಮತ್ತೆ ಮತ್ತೆ ಬರುವ ಮೂತ್ರದ ಸೋಂಕು, ಕೂಡುವಾಗ ನೋವು. ವಯಸ್ಸಾಯಿತು ಎಂದು ಸುಮ್ಮನಾಗುವ ಹೆಂಗಸರೇ ಹೆಚ್ಚು. ನಾನು ಲೇಡಿ ಡಾಕ್ಟರ ಬಳಿ ಹೋದೆ. ಪರೀಕ್ಷೆ ಮಾಡಿ, ಒಳಗೆ ಹಚ್ಚುವ ಈಸ್ಟ್ರೋಜೆನ್ ಕ್ರೀಮ್ ಬರೆದುಕೊಟ್ಟರು. ಆಮೇಲೆ ಪೆನ್ನು ಕೆಳಗಿಟ್ಟು, "ಅಲ್ಲಿಗೆ ರಕ್ತ ಚೆನ್ನಾಗಿ ಹರೀತಾ ಇರಬೇಕು ಮೇಡಂ. ಒಂದು ವೈಬ್ರೇಟರ್ ತರಿಸ್ಕೊಳ್ಳಿ. ಸಣ್ಣದು ಸಾಕು. ಜೆಲ್ ಹಚ್ಕೊಳ್ಳಿ, ಅವಸರ ಮಾಡ್ಬೇಡಿ" ಎಂದರು. ಕ್ಯಾಲ್ಸಿಯಂ ಮಾತ್ರೆ ತಗೊಳ್ಳಿ ಎನ್ನುವ ದನಿಯಲ್ಲೇ ಅದನ್ನೂ ಹೇಳಿದರು. ಅವರಿಗೆ ನಾನು ಋಣಿ. ಮನೆಗೆ ಬಂದು ನಮ್ಮವರಿಗೆ ಹೇಳಿದೆ. "ತರಿಸು, ಅದಕ್ಕೇನಂತೆ" ಎಂದರು. ಕಾರ್ಡಿನ ಓಟಿಪಿ ಓದಿ ಹೇಳಿದವರೂ ಅವರೇ.

ಹೋಲಿಸಿ ನೋಡಬೇಕೆಂದೇ ಎರಡನ್ನು ತರಿಸಿದೆ. ಒಂದು ಆರುನೂರು ಚಿಲ್ಲರೆಯದು, ಗುಲಾಬಿ ಬಣ್ಣದ, ಒತ್ತಿದರೆ ಮೆತ್ತಗಾಗುವ ಜೆಲ್ಲಿ. ಇನ್ನೊಂದು ಹದಿನೆಂಟುನೂರರದು, ತುದಿ ಬಾಗಿರುವ ಸಿಲಿಕೋನ್.

ಜೆಲ್ಲಿಯ ಪೊಟ್ಟಣ ಬಿಚ್ಚಿದ ಕೂಡಲೇ ತಲೆನೋವು ತರಿಸುವಂಥ ಪ್ಲಾಸ್ಟಿಕ್ ವಾಸನೆ. ತೊಳೆದು, ಒರೆಸಿ, ದಿನಪತ್ರಿಕೆಯ ಹಾಳೆಯ ಮೇಲೆ ಇಟ್ಟೆ. ಮಾರನೆಯ ದಿನ ಎತ್ತಿದರೆ ಹಾಳೆಯಲ್ಲಿ ಎಣ್ಣೆಯ ಕಲೆ, ಆ ವಸ್ತುವಿನ ಮೈಮೇಲೆ ತಿರುಗುಮುರುಗಾಗಿ ಅಚ್ಚಾದ ಸುದ್ದಿಯ ಅಕ್ಷರಗಳು. ಉಜ್ಜಿದರೂ ಹೋಗಲಿಲ್ಲ. ಜೆಲ್ಲಿ ಎಂದು ಮಾರುವುದು ಹೆಚ್ಚಾಗಿ ಪಿವಿಸಿ; ಅದು ಹುಟ್ಟಿನಿಂದ ಗಡುಸಾದ ಪ್ಲಾಸ್ಟಿಕ್. ಅದನ್ನು ಮೆತ್ತಗೆ ಮಾಡಲು ಥ್ಯಾಲೇಟ್ ಮುಂತಾದ ರಾಸಾಯನಿಕ ಬೆರೆಸುತ್ತಾರೆ. ಅವು ಪ್ಲಾಸ್ಟಿಕ್ಕಿನ ಜೊತೆ ಗಟ್ಟಿಯಾಗಿ ಬೆಸೆದುಕೊಂಡಿರುವುದಿಲ್ಲ, ಮೆಲ್ಲಗೆ ಹೊರಗೆ ಒಸರುತ್ತವೆ. ಕಾಗದದ ಮೇಲೆ ಒಸರಿದ್ದು ಯೋನಿಯ ತೆಳು ಪದರದ ಮೇಲೂ ಒಸರುತ್ತದೆ. ಥ್ಯಾಲೇಟ್‌ಗಳಲ್ಲಿ ಕೆಲವು ಹಾರ್ಮೋನುಗಳ ಕೆಲಸಕ್ಕೆ ಅಡ್ಡ ಬರುತ್ತವೆಂದೇ ಮಕ್ಕಳ ಆಟಿಕೆಗಳಲ್ಲಿ ಅವಕ್ಕೆ ಮಿತಿ ಹಾಕಿದ್ದಾರೆ. ಅಕ್ಷರ ಹೀರಿಕೊಂಡ ಮೈ ಸೂಕ್ಷ್ಮಜೀವಿಗಳಿಗೂ ಎಡೆ ಕೊಡುತ್ತದೆ. ಅದರ ಸಣ್ಣ ರಂಧ್ರಗಳ ಒಳಗೆ ಸೋಪು ತಲುಪುವುದಿಲ್ಲ. 2014ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪುಟ್ಟ ಅಧ್ಯಯನದಲ್ಲಿ, ತೊಳೆದು 24 ಗಂಟೆ ಕಳೆದ ಮೇಲೂ ಮೆದು ಇಲಾಸ್ಟೊಮರ್‌ನ ಕೆಲವು ವೈಬ್ರೇಟರ್‌ಗಳ ಮೇಲೆ ಎಚ್‌ಪಿವಿ ವೈರಸ್‌ನ ಕುರುಹು ಸಿಕ್ಕಿತ್ತು, ಸಿಲಿಕೋನ್ ಮೇಲೆ ಸಿಕ್ಕಿರಲಿಲ್ಲ. ಗರ್ಭಕೋಶದ ಕೊರಳಿನ ಕ್ಯಾನ್ಸರ್ ತರುವುದು ಇದೇ ವೈರಸ್. ಆ ಜೆಲ್ಲಿಯನ್ನು ನಾನು ಬಳಸಲೇ ಇಲ್ಲ. ಆನ್ ಮಾಡಿ, ನೋಡಿ, ಕಸಕ್ಕೆ ಹಾಕಿದೆ.

ಸಿಲಿಕೋನಿನದು ಹಾಗಲ್ಲ. ವಾಸನೆಯಿಲ್ಲ, ಜಿಡ್ಡಿಲ್ಲ. ಹತ್ತಿಯ ಎಳೆ, ಕೂದಲು ಬೇಗ ಅಂಟುತ್ತವೆ, ಹಾಗಾಗಿ ಬಳಸುವ ಮುಂಚೆ ಒಮ್ಮೆ ತೊಳೆಯಲೇಬೇಕು. ಅಚ್ಚಿನ ಎರಡು ಹೋಳು ಸೇರುವ ಜಾಗದಲ್ಲಿ ಏಣು ಉಳಿದಿದೆಯೇ ಎಂದು ಉಗುರಾಡಿಸಿ ನೋಡಿದೆ. ಹಿಡಿಕೆಯ ಹತ್ತಿರ ತುಸು ಇತ್ತು, ಒಳಗೆ ಹೋಗುವ ಭಾಗದಲ್ಲಿ ಇರಲಿಲ್ಲ. ಉದ್ದ ಹೆಚ್ಚಿಲ್ಲ, ದಪ್ಪ ಎರಡು ಬೆರಳಿಗಿಂತ ಕಡಿಮೆ. ದಪ್ಪ ಉದ್ದ ಹೆಚ್ಚಿದ್ದಷ್ಟೂ ಒಳ್ಳೆಯದೆಂಬ ಜಾಹೀರಾತುಗಳನ್ನು ದಯವಿಟ್ಟು ನಂಬಬೇಡಿ. ಒಣಗಿದ, ಬಿಗಿಯಾದ ಮೈಗೆ ಸಣ್ಣದೇ ಸರಿ.

ಬಾಗು ಏಕೆ ಬೇಕು ಎನ್ನುವುದಕ್ಕೆ ಸ್ವಲ್ಪ ಶರೀರಶಾಸ್ತ್ರ ಹೇಳಬೇಕು. ಆಸ್ಟ್ರೇಲಿಯಾದ ಯೂರಾಲಜಿಸ್ಟ್ ಹೆಲೆನ್ ಒಕಾನೆಲ್ 1998ರಲ್ಲಿ ಶವಗಳ ಅಂಗಚ್ಛೇದನದಿಂದಲೂ, 2005ರಲ್ಲಿ ಎಂಆರ್‌ಐ ಚಿತ್ರಗಳಿಂದಲೂ ಒಂದು ಸಂಗತಿಯನ್ನು ಸ್ಪಷ್ಟವಾಗಿ ತೋರಿಸಿದರು. ಹೊರಗೆ ಕಾಣುವುದು ಕ್ಲಿಟೋರಿಸ್‌ನ ತುದಿ ಮಾತ್ರ. ಒಳಗೆ ಅದಕ್ಕೆ ಎರಡು ಕಾಲುಗಳಿವೆ, ಮೂತ್ರನಾಳ ಮತ್ತು ಯೋನಿಯ ಎರಡೂ ಬದಿಗೆ ಉಬ್ಬಿದ ಎರಡು ಗಡ್ಡೆಗಳಿವೆ. ನಾನು ಬೋರ್ಡಿನ ಮೇಲೆ ಚುಕ್ಕೆಯಿಟ್ಟು ತೋರಿಸುತ್ತಿದ್ದ ಅಂಗ ನಿಜಕ್ಕೂ ಅಷ್ಟು ದೊಡ್ಡದು. ಇನ್ನು ಯೋನಿಯ ಮುಂಗೋಡೆಯಲ್ಲಿ ವಿಶೇಷ ಸಂವೇದನೆಯಿದೆ ಎಂದು ಜರ್ಮನಿಯಲ್ಲಿ ಹುಟ್ಟಿದ ವೈದ್ಯ ಅರ್ನ್ಸ್ಟ್ ಗ್ರಾಫೆನ್‌ಬರ್ಗ್ 1950ರಲ್ಲಿ ಬರೆದಿದ್ದರು. ಅವರ ಹೆಸರಿನ ಮೊದಲಕ್ಷರದಿಂದ 'ಜಿ ಸ್ಪಾಟ್' ಎಂಬ ಹೆಸರು ಬಂದದ್ದು 1980ರ ದಶಕದ ಆರಂಭದಲ್ಲಿ. ಅದು ಪ್ರತ್ಯೇಕ ಅಂಗವೇ ಎಂಬ ಜಗಳ ಇನ್ನೂ ನಡೆದಿದೆ. ಅಲ್ಲಿ ಬೇರೆಯದೇ ಆದ ಗುಂಡಿಯೇನೂ ಇಲ್ಲ, ಮುಂಗೋಡೆಯ ಹಿಂದೆ ಮೂತ್ರನಾಳ, ಗ್ರಂಥಿಗಳು, ಕ್ಲಿಟೋರಿಸ್‌ನ ಬೇರುಗಳು ಒತ್ತೊತ್ತಾಗಿವೆ, ಅವೆಲ್ಲದರ ಮೇಲೆ ಬೀಳುವ ಒತ್ತಡವೇ ಸುಖ ಎನ್ನುವ ವಿವರಣೆ ನನ್ನ ಬುದ್ಧಿಗೂ ನನ್ನ ಅನುಭವಕ್ಕೂ ಒಪ್ಪುತ್ತದೆ.

ಹಾಗಾಗಿ ನೇರವಾದ ಕೋಲಿನಿಂದ ಒಳಗೆ ಹೆಚ್ಚು ಪ್ರಯೋಜನವಿಲ್ಲ. ಬಾಗಿದ ತುದಿಯನ್ನು ಹೊಕ್ಕುಳದ ಕಡೆಗೆ ತಿರುಗಿಸಿ, ಮುಂಗೋಡೆಗೆ ತಾಗಿಸಿ, ಮೆಲ್ಲಗೆ ಒತ್ತಬೇಕು. ಯೋನಿಯ ಆಳದಲ್ಲಿ ನರಗಳ ತುದಿಗಳು ವಿರಳ, ಬಾಯಿಯ ಹತ್ತಿರದ ಮೂರನೆಯ ಒಂದು ಭಾಗದಲ್ಲಿ ಹೆಚ್ಚು. ಆಳಕ್ಕೆ ಹೋಗಿ ಏನನ್ನೂ ಹುಡುಕಬೇಕಾಗಿಲ್ಲ. ಒಳಗಿನ ಮೈಗೆ ಕಂಪನಕ್ಕಿಂತ ಒತ್ತಡ ಚೆನ್ನಾಗಿ ತಿಳಿಯುತ್ತದೆ. ವೇಗ ಏರಿಸುತ್ತಾ ಹೋದರೆ ಮೈ ಜೋಮು ಹಿಡಿದಂತಾಗುತ್ತದೆ. ಮೊದಲನೆಯ ಅಥವಾ ಎರಡನೆಯ ವೇಗದಲ್ಲೇ ನಿಂತು, ಉಸಿರನ್ನು ನಿಧಾನವಾಗಿ ಬಿಡುತ್ತಾ, ಸೊಂಟದ ಕೆಳಗಿನ ಸ್ನಾಯುಗಳನ್ನು ಸಡಿಲಿಸಿದರೆ ಆ ಬಿಸುಪು ತಾನಾಗಿ ಹರಡುತ್ತದೆ. ಮೊದಮೊದಲು ಮೂತ್ರಕ್ಕೆ ಅವಸರವಾದಂತೆ ಅನಿಸಬಹುದು. ಮೂತ್ರನಾಳ ಅದೇ ಗೋಡೆಗೆ ಅಂಟಿಕೊಂಡಿರುವುದರಿಂದ ಹಾಗಾಗುತ್ತದೆ. ಮುಂಚೆಯೇ ಹೋಗಿಬಂದರೆ ಆ ಗಾಬರಿ ಇರುವುದಿಲ್ಲ. ಇನ್ನೊಂದು ಮಾತು: ಒಳಗಿನ ಸ್ಪರ್ಶವೊಂದರಿಂದಲೇ ಸುಖದ ತುದಿ ಮುಟ್ಟುವ ಹೆಂಗಸರು ಕಡಿಮೆ. ಹೊರಗೂ ಬೇಕು. ಒಳಗೆ ಇಟ್ಟುಕೊಂಡು ಏನೂ ಆಗಲಿಲ್ಲವೆಂದು ಯಾರೂ ತಮ್ಮ ಮೈಯಲ್ಲಿ ಏನೋ ಊನವಿದೆ ಎಂದುಕೊಳ್ಳಬಾರದು. ನಾನೂ ಇದನ್ನು ಹೊರಗೆ ಬಳಸಿದ್ದೇ ಹೆಚ್ಚು. ಅಲ್ಲಿಗೂ ಇದು ಚೆನ್ನಾಗಿಯೇ ಒದಗುತ್ತದೆ.

ಮೋಟಾರಿನ ಬಗ್ಗೆ. ಒಳಗಿರುವುದು ಪುಟ್ಟ ಮೋಟಾರು, ಅದರ ಅಚ್ಚಿಗೆ ಒಂದು ಬದಿಗೆ ಮಾತ್ರ ಭಾರ ಸಿಕ್ಕಿಸಿರುತ್ತಾರೆ. ತಿರುಗಿದಾಗ ತೂಕ ಅತ್ತಿತ್ತ ಎಳೆದು ಇಡೀ ಕವಚ ನಡುಗುತ್ತದೆ. ಸಣ್ಣ ಭಾರವನ್ನು ಬಹಳ ಜೋರಾಗಿ ತಿರುಗಿಸಿದರೆ ಚರ್ಮದ ಮೇಲ್ಮೈಯಲ್ಲಿ ಕೀರಲು ಕಚಗುಳಿ, ದೊಡ್ಡ ಭಾರವನ್ನು ನಿಧಾನ ತಿರುಗಿಸಿದರೆ ಆಳಕ್ಕಿಳಿಯುವ ಗುಡುಗು. ಕಡಿಮೆ ಬೆಲೆಯವು ಹೆಚ್ಚಾಗಿ ಮೊದಲ ಬಗೆಯವು. ನನ್ನದೂ ಪೂರ್ತಿ ಗುಡುಗಲ್ಲ. ಕೆಳಗಿನ ವೇಗಗಳಲ್ಲಿ ಪರವಾಗಿಲ್ಲ, ಮೇಲಿನವು ಬೇಡ. ಹತ್ತು ಬಗೆಯ ಕಂಪನ ಎಂದು ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿದೆ. ಒಂದೇ ಸಮನಾದ ಎರಡು ಮೂರು ವೇಗ ಸಾಕು. ಮೋಟಾರು ತುದಿಯಲ್ಲಿದೆಯೋ ಹಿಡಿಕೆಯಲ್ಲಿದೆಯೋ ಎಂಬುದು ಅದಕ್ಕಿಂತ ಮುಖ್ಯ. ಆನ್ ಮಾಡಿ ತುದಿಯನ್ನು ಮೂಗಿನ ತುದಿಗೆ ತಾಗಿಸಿ ನೋಡಿ. ಅಲ್ಲಿ ನವಿರಾಗಿ ನಡುಗಿ, ಅಂಗೈ ಮಾತ್ರ ಜುಮ್ಮೆನ್ನುತ್ತಿದ್ದರೆ ಅದು ಕೈಗೆ ಮಾಡಿದ ಯಂತ್ರ.

ಕೊರತೆಗಳೂ ಇವೆ. ಗುಂಡಿಯನ್ನು ಬೆರಳು ಹಿಡಿಯುವ ಜಾಗದಲ್ಲೇ ಇಟ್ಟಿದ್ದಾರೆ, ಬೇಡವಾದಾಗ ಒತ್ತಿಹೋಗಿ ಕಂಪನ ಬದಲಾಗುತ್ತದೆ. ನಿಲ್ಲಿಸಬೇಕೆಂದರೆ ಎಲ್ಲ ಹತ್ತನ್ನೂ ದಾಟಬೇಕಾಗಿಲ್ಲ, ಗುಂಡಿ ಒತ್ತಿ ಹಿಡಿದರೆ ಸಾಕು ಎಂಬುದು ಚೀಟಿಯಲ್ಲಿ ಚಿಕ್ಕದಾಗಿ ಇದೆ. ಚಾರ್ಜಿಂಗ್ ವೈರು ಬೇರಾವುದಕ್ಕೂ ಹೊಂದದ ಸೂಜಿಪಿನ್ನಿನದು; ಕಳೆದುಹೋದರೆ ಯಂತ್ರವೇ ದಂಡ. ಸದ್ದು ಮುಚ್ಚಿದ ಬಾಗಿಲಾಚೆ ಕೇಳಿಸುವುದಿಲ್ಲ, ಆದರೆ ಅದೇ ಕೋಣೆಯಲ್ಲಿ ಯಾರಾದರೂ ಮಲಗಿದ್ದರೆ ಕೇಳಿಸುತ್ತದೆ. ಕೂಡು ಕುಟುಂಬದ, ಒಂದೇ ರೂಮಿನ ಮನೆಗಳಲ್ಲಿ ಇರುವವರಿಗೆ ಇದು ಸಣ್ಣ ಮಾತಲ್ಲ. ಐಪಿಎಕ್ಸ್7 ಎಂದು ಬರೆದಿದ್ದಾರೆ, ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯಬೇಕು. ನಲ್ಲಿಯ ಕೆಳಗೆ ಹಿಡಿದು ಸಾದಾ ಸೋಪಿನಿಂದ ತೊಳೆಯಲು ಹೆದರಬೇಕಾಗಿಲ್ಲ. ಮೋಟಾರು, ಬ್ಯಾಟರಿ ಇರುವುದನ್ನು ಕುದಿಸಬಾರದು. ಪೂರ್ತಿ ಒಣಗಿಸಿ ಎತ್ತಿಡಬೇಕು. ಒಬ್ಬರದನ್ನು ಇನ್ನೊಬ್ಬರು ಬಳಸಬಾರದು. ಗುದದ್ವಾರಕ್ಕೆ ಈ ಆಕಾರದ್ದನ್ನು ಬಳಸಲೇಬಾರದು. ಅಗಲವಾದ ಬುಡವಿಲ್ಲದ ಯಾವುದೇ ವಸ್ತು ಒಳಗೆ ಸರಿದುಹೋಗಿ ಆಸ್ಪತ್ರೆಗೆ ಓಡಬೇಕಾದೀತು.

ಜೆಲ್‌ಗೆ ಬೇರೆ ದುಡ್ಡು ತೆಗೆದಿಡಿ. ಸಿಲಿಕೋನ್ ಯಂತ್ರಕ್ಕೆ ಸಿಲಿಕೋನ್ ಜೆಲ್ ಆಗಿಬರುವುದಿಲ್ಲ, ಯಂತ್ರದ ಮೈ ಹಾಳಾಗಿ ಅಂಟಂಟಾಗಬಹುದು. ನೀರಿನಲ್ಲಿ ಮಾಡಿದ ಜೆಲ್ ಎಲ್ಲದಕ್ಕೂ ಆಗುತ್ತದೆ, ಔಷಧಿ ಅಂಗಡಿಗಳಲ್ಲಿ ಸಿಗುತ್ತದೆ. ಘಮಘಮ ಎನ್ನುವುದು, ತಂಪು ಬಿಸಿ ಎನ್ನುವುದು ಬೇಡ. ಕೊಬ್ಬರಿ ಎಣ್ಣೆ ನಮ್ಮ ಮನೆಗಳಲ್ಲಿ ಎಲ್ಲಕ್ಕೂ ಮದ್ದು. ಆದರೆ ಯಂತ್ರಕ್ಕೆ ಕಾಂಡೋಮ್ ಹೊದಿಸಿ ಬಳಸುವವರು ಅದನ್ನು ಹಚ್ಚಬಾರದು, ಎಣ್ಣೆ ತಾಗಿದರೆ ಲೇಟೆಕ್ಸ್ ಹರಿಯುತ್ತದೆ.

ನನಗೆ ನಿಜಕ್ಕೂ ಸಿಟ್ಟು ಬಂದದ್ದು ಡಬ್ಬಿಗಳನ್ನು ಓದಿದಾಗ. ಜೆಲ್ಲಿಯ ಡಬ್ಬಿಯ ಮೇಲೆ ಇದ್ದದ್ದು ಕುತ್ತಿಗೆ, ಭುಜ, ಬೆನ್ನಿನ ನೋವಿಗೆ ಮಸಾಜರ್ ಎಂದು. ಯಾವ ಪ್ಲಾಸ್ಟಿಕ್ ಎಂದು ಎಲ್ಲೂ ಇಲ್ಲ. ಈ ಮಸಾಜರ್ ಎಂಬ ಮುಸುಕು ಹಳೆಯದು. 1880ರ ದಶಕದಲ್ಲಿ ಲಂಡನ್ನಿನ ವೈದ್ಯ ಜೋಸೆಫ್ ಮಾರ್ಟಿಮರ್ ಗ್ರಾನ್‌ವಿಲ್ ವಿದ್ಯುತ್ ಕಂಪನಯಂತ್ರ ಮಾಡಿದ್ದು ನರ, ಸ್ನಾಯುಗಳ ನೋವಿಗೆ. ಹೆಂಗಸರಿಗೆ ಬಳಸುವುದನ್ನು ತಪ್ಪಿಸುತ್ತಿದ್ದೇನೆ ಎಂದು ಅವರೇ ಬರೆದಿದ್ದರು. ಜಪಾನಿನ ಹಿಟಾಚಿ ಕಂಪನಿ 1968ರಲ್ಲಿ ತಂದ ಮ್ಯಾಜಿಕ್ ವಾಂಡ್ ಕೂಡ ಮೈಕೈ ನೋವಿನ ಹೆಸರಿನಲ್ಲೇ ಮಾರಾಟವಾಯಿತು. ನಮ್ಮಲ್ಲಿ ಮುಸುಕು ಉಳಿದಿರುವುದು ಕಾನೂನಿನ ಭಯದಿಂದ. ಅಶ್ಲೀಲ ವಸ್ತುಗಳ ಮಾರಾಟವನ್ನು ಭಾರತೀಯ ದಂಡಸಂಹಿತೆಯ 292ನೆಯ ಕಲಂ ತಡೆಯುತ್ತಿತ್ತು, 2024ರ ಜುಲೈ 1ರಿಂದ ಆ ಕೆಲಸ ಭಾರತೀಯ ನ್ಯಾಯ ಸಂಹಿತೆಯ 294ನೆಯ ಕಲಮಿನದು. ಎರಡರಲ್ಲೂ ವೈಬ್ರೇಟರ್ ಎಂಬ ಹೆಸರಿಲ್ಲ. ಆದರೂ ಬಾಡಿ ಮಸಾಜರ್‌ಗಳ ಒಂದು ಸರಕನ್ನು, ಇವು ಲೈಂಗಿಕ ಆಟಿಕೆಗಳು ಎಂದು ಹೇಳಿ, 1964ರ ಒಂದು ಅಧಿಸೂಚನೆಯ ಆಧಾರದಲ್ಲಿ ಕಸ್ಟಮ್ಸ್ ಇಲಾಖೆ ಮುಟ್ಟುಗೋಲು ಹಾಕಿಕೊಂಡಿತ್ತು. 2024ರ ಮಾರ್ಚ್‌ನಲ್ಲಿ ಬಾಂಬೆ ಹೈಕೋರ್ಟ್ ಅದನ್ನು ಒಪ್ಪಲಿಲ್ಲ. ಆ ಅಧಿಸೂಚನೆಯಲ್ಲಿರುವ ಅಶ್ಲೀಲ ಪುಸ್ತಕ, ಚಿತ್ರಗಳ ಸಾಲಿಗೆ ಮಸಾಜರ್ ಸೇರುವುದಿಲ್ಲ ಎಂದಿತು.

ಹಾಲು ಮೊಸರು ತಂದುಕೊಡುವ ಆ್ಯಪ್‌ಗಳಲ್ಲೂ ಈಗ ಇವು ಸಿಗುತ್ತವೆ. ಆದರೆ ಬೆನ್ನಿಗೆ ಎಂದು ಮಾರಿದ ಮೇಲೆ ಒಳಗೆ ಬಳಸಿದರೆ ಏನಾಗುತ್ತದೆಂದು ಹೇಳುವ ಹೊಣೆ ಮಾರುವವರ ಮೇಲಿಲ್ಲ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಮಗು ಬಾಯಿಗಿಟ್ಟುಕೊಳ್ಳುತ್ತದೆ ಎಂಬ ಕಾಳಜಿ ಸರಿಯಾದದ್ದೇ. ಜನನಾಂಗಕ್ಕೆ ತಾಗುವ ವಸ್ತುಗಳಿಗೂ ಅದೇ 2021ರಲ್ಲಿ ಐಎಸ್ಒ 3533 ಎಂಬ ಅಂತರರಾಷ್ಟ್ರೀಯ ಮಾನದಂಡ ಬಂತು. ನಾನು ತರಿಸಿದ ಎರಡು ಡಬ್ಬಿಗಳ ಮೇಲೂ ಅದರ ಸುಳಿವಿರಲಿಲ್ಲ. ಮುಸುಕು ತೆಗೆಯಲು ಹೆದರುವ ಮಾರುಕಟ್ಟೆಯಲ್ಲಿ ಪೆಟ್ಟು ಬೀಳುವುದು ಕಡಿಮೆ ದುಡ್ಡಿನವಳಿಗೆ. ಐದು ಸಾವಿರ ಕೊಡಬಲ್ಲವಳಿಗೆ ಒಳ್ಳೆಯ ಸಿಲಿಕೋನ್ ಹೇಗೂ ಸಿಗುತ್ತದೆ.

ನನ್ನ ಜೊತೆ ಕೆಲಸ ಮಾಡಿದ, ಯಜಮಾನರು ತೀರಿಕೊಂಡ ಮೇಲೆ ಮಗನ ಮನೆಯಲ್ಲಿರುವ ಮೇಡಂ ಒಬ್ಬರು ಇದನ್ನೆಲ್ಲ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನನಗೂ ಒಂದು ತರಿಸಿಕೊಡ್ತೀರಾ ಮೇಡಂ? ನನ್ನ ಅಕೌಂಟಿನ ಓಟಿಪಿ ಮಗನ ಫೋನಿಗೆ ಹೋಗುತ್ತೆ" ಎಂದರು. ತರಿಸಿಕೊಟ್ಟೆ, ಅವರು ಪೆನ್ಷನ್ ದುಡ್ಡಿನಲ್ಲಿ ಎಣಿಸಿ ಕೊಟ್ಟರು. ಒಂಟಿಯಾದವಳ ಮೈಗೂ ಹಕ್ಕಿದೆ ಎಂಬುದನ್ನು ನಾನು ಯಾರ ಎದುರಿಗೆ ಬೇಕಾದರೂ ಹೇಳುತ್ತೇನೆ. ಹದಿನೆಂಟುನೂರು ಆಗದವರಿಗೆ ಇನ್ನೊಂದು ದಾರಿಯಿದೆ. ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ, ನುಣುಪಾದ, ಪೆನ್ಸಿಲ್ ಸೆಲ್ ಹಾಕುವ ಸಾದಾ ವೈಬ್ರೇಟರ್‌ಗಳು ಜೆಲ್ಲಿಯ ಬೆಲೆಗೇ ಸಿಗುತ್ತವೆ. ಮೆತ್ತಗಿರುವುದಿಲ್ಲ, ಬಾಗೂ ಕಡಿಮೆ. ಆದರೆ ರಂಧ್ರವಿಲ್ಲ, ಒಸರುವುದಿಲ್ಲ, ಸೋಪಿನಿಂದ ತೊಳೆದರೆ ಸ್ವಚ್ಛ. ಆರುನೂರು ರೂಪಾಯಿ ಇದ್ದರೆ ಅದನ್ನೇ ಕೊಳ್ಳಿ. ಮೆದು ಎಂಬ ಆಸೆಗೆ ಜೆಲ್ಲಿಯ ಕಡೆ ಹೋಗಬೇಡಿ.

ಬೆರಳು ಸೋಕಿದರೂ ಮೈ ತಾನಾಗಿ ಬಿಗಿದುಕೊಳ್ಳುವ ವಜೈನಿಸ್ಮಸ್ ಇದ್ದವರು, ಮುಟ್ಟು ನಿಂತ ಮೇಲೆ ಒಂದು ಹನಿಯಾದರೂ ರಕ್ತ ಕಂಡವರು ಮೊದಲು ಡಾಕ್ಟರ ಬಳಿ ಹೋಗಿ, ಯಂತ್ರದ ಮಾತು ಆಮೇಲೆ. ಉಳಿದವರಿಗೆ, ಆ ಬಾಗಿದ ಸಿಲಿಕೋನ್ ಯಂತ್ರ ಕೊಟ್ಟ ದುಡ್ಡಿಗೆ ಮೋಸವಿಲ್ಲ ಎಂಬುದು ನನ್ನ ತೀರ್ಪು. ಯಾವ ಕಂಪನಿಯದೇ ಇರಲಿ, ದುಡ್ಡು ಕಟ್ಟುವ ಮುಂಚೆ ಮಾರುವವರಿಗೆ ಒಂದು ಸಾಲು ಬರೆದು ಕೇಳಿ: ಇದನ್ನು ಯಾವುದರಿಂದ ಮಾಡಿದ್ದೀರಿ? ಬರಹದಲ್ಲಿ ಉತ್ತರ ಬಾರದಿದ್ದರೆ ಕೊಳ್ಳಬೇಡಿ.